ಖಾಲಿ ಕಾಟಾ

"ಯಾವ ಮೂಳ ಲಾರಿ ಹಿಂಗ ಅಡ್ಡ ನಿಲ್ಸ್ಯಾನ!" ಎಂದು ಗೊಣಗಿದೆ. ಪುಣೆಯ ಮಾರ್ಕೆಟ್ ಯಾರ್ಡಿನ ಬಳಿ, ಲಾರಿ ತೂಗುವ ಕಾಟಾದಲ್ಲಿ ನನ್ನ ಕೆಲಸ. ದಿನವಿಡೀ ಮರಾಠಿ, ಬೈಯುವುದಷ್ಟೇ ಕನ್ನಡದಲ್ಲಿ.

"ಈ ಮೂಳನರೀ," ಎಂದ ಕಿಟಕಿಯಾಚೆಯ ಡ್ರೈವರ್, ನಗು ತಡೆದುಕೊಂಡು. "ನಾ ನಿಪ್ಪಾಣಿ ಬಾಳು."

ಅಯ್ಯ ಶಿವನೇ! ತಲೆಯೆತ್ತದೆ ಕಂಪ್ಯೂಟರಿನ ಪರದೆಯನ್ನೇ ನೋಡುತ್ತ ಕುಳಿತೆ.

ನಾನು ಮುಕ್ತಾ. ಬಿಬವೇವಾಡಿಯ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದು, ಮಾತಿಗೆ ಯಾರೂ ಇಲ್ಲದೆ ಕುಕ್ಕರಿನ ಜೊತೆಗೂ ಜಗಳ ತೆಗೆಯುತ್ತಿದ್ದವಳು. ಅಂಥವಳ ಕಾಟಾಕ್ಕೆ ಪ್ರತಿ ಗುರುವಾರ ಬಾಳುವಿನ ಈರುಳ್ಳಿ ಲಾರಿ ಬರತೊಡಗಿತು. ಒಟ್ಟು ತೂಕ ಸರಿಯಿದ್ದರೂ ಹಿಂದಿನ ಆಕ್ಸಲ್ ಮೇಲೆ ಭಾರ ಹೆಚ್ಚಾದರೆ ದಾರಿಯಲ್ಲಿ ದಂಡ. ಅದಕ್ಕೇ ಅವನು ಚೀಲಗಳನ್ನು ಮುಂದಕ್ಕೆ ಸರಿಸಿ ಮತ್ತೆ ತೂಗಿಸುತ್ತಿದ್ದ. ಸರಿಯಾದ ಮೇಲೂ ತೂಗಿಸುತ್ತಿದ್ದ.

"ಇನ್ನೆಷ್ಟು ಸರ್ತಿ ತೂಗಸ್ತೀರಿ?"

"ನೀವು ಒಮ್ಮೆ ನಗೂತನಕ."

"ನಗೀಗೆ ಬ್ಯಾರೆ ರೇಟ್ ಅದ."

ಅವನೆದುರು ನಗಲಿಲ್ಲ. ಲಾರಿ ತಿರುವು ದಾಟಿದ ಮೇಲೆ ಒಬ್ಬಳೇ ನಕ್ಕೆ.

ಒಂದು ಗುರುವಾರ ಅವನ ಮಾಲಕನೂ ಜೊತೆಗೆ ಬಂದ. ಲಾರಿಯ ಮೇಲೆ ಚೀಲಗಳ ಗುಡ್ಡ. "ತಾಈ, ಪಾವತೀತ ಥೋಡಂ ಕಮಿ ದಾಖವಾ," ಚೀಟಿಯಲ್ಲಿ ಸ್ವಲ್ಪ ಕಡಿಮೆ ತೋರಿಸಿ ಎಂದ. ಇಲ್ಲದಿದ್ದರೆ ತನ್ನ ಗಾಡಿ ಇನ್ನೆಂದೂ ಈ ಕಾಟಾ ಹತ್ತುವುದಿಲ್ಲವಂತೆ.

ಗಾಡಿ ಬಾರದಿದ್ದರೆ ಬಾಳುವೂ ಬರುವುದಿಲ್ಲ. ಒಂದು ಸುಳ್ಳು ಅಂಕಿ ಒತ್ತಿದ್ದರೆ ನನ್ನ ಗುರುವಾರ ಉಳಿಯುತ್ತಿತ್ತು. ಆದರೆ ದಾರಿಯ ಖಂಬಾಟಕಿ ಘಾಟಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದಿದ್ದರೆ ಸಾಯುವವನು ಮಾಲಕನಲ್ಲ. ಎದೆ ಗಟ್ಟಿ ಮಾಡಿ ನಿಜವಾದ ತೂಕವನ್ನೇ ಒತ್ತಿದೆ.

ಬಾಳು ಚೀಟಿ ಓದಿ, ಕೀಲಿಯನ್ನು ಮಾಲಕನ ಕೈಗಿಟ್ಟ. "ಇಷ್ಟ ಭಾರ ನಾ ಹೊಡ್ಯಾಂಗಿಲ್ಲರೀ," ಎಂದ ನನಗೆ. ಮಾಲಕ ಅಲ್ಲೇ ಅವನನ್ನು ಕೆಲಸದಿಂದ ತೆಗೆದ. ಇವನು ನಡೆದು ಹೋದ. ಫೋನ್ ನಂಬರ್ ಕೂಡ ಕೇಳಲಿಲ್ಲ ನಾನು, ಎಂಥ ಹುಚ್ಚಿ!

ಆಮೇಲೆ ಈರುಳ್ಳಿ ಲಾರಿ ಬಂದಾಗಲೆಲ್ಲ ಕತ್ತು ಉದ್ದ ಮಾಡಿ ನೋಡುತ್ತಿದ್ದೆ. ಇಳಿಯುತ್ತಿದ್ದವರು ಬೇರೆಯವರು. ಊಟದ ಡಬ್ಬಿ ಕಟ್ಟಿದ ಹಾಗೇ ಮನೆಗೆ ವಾಪಸ್. ಅವನಿಲ್ಲದೆ ಭಾಳ ಒಂಟಿಯಾಗಿಬಿಟ್ಟೆ.

ನಿನ್ನೆ ಮಧ್ಯಾಹ್ನ ಕಾಟಾ ಖಾಲಿಯಿತ್ತು. ಸೊನ್ನೆ ತೋರಿಸುತ್ತಿದ್ದ ಪರದೆಯಲ್ಲಿ ಒಮ್ಮೆಲೇ ಅರವತ್ತು ಕಿಲೋ. ಯಾವ ಕರು ಹತ್ತಿತೋ ಎಂದು ಹೊರಗೆ ನೋಡಿದೆ. ಕಬ್ಬಿಣದ ಹಾಸಿನ ನಡುವೆ ಬಾಳು ನಿಂತಿದ್ದ.

"ಗಾಡಿ ಎಲ್ರೀ?"

"ಗಾಡಿ ಇಲ್ಲ. ಸ್ವಾರಗೇಟ್ ಬಸ್ ಸ್ಟ್ಯಾಂಡಿನಿಂದ ನಡಕೋತ ಬಂದೆ. ತೂಗಸಾಕ ಏನೂ ತಂದಿಲ್ಲರೀ. ನಿಮ್ಮನ್ನ ನೋಡಾಕ ಬಂದೇನಿ."

ಕಣ್ಣು ತುಂಬಿ ಬಂತು. "ಇಷ್ಟ ದಿನ ಎಲ್ಲಿ ಹಾಳಾಗಿ ಹೋಗಿದ್ದಿ, ಮೂಳ!"

"ಕೆಲಸಿಲ್ಲದ ಮಾರಿ ಹ್ಯಾಂಗ ತೋರಸ್ಲಿ? ಈಗ ಸಿಕ್ಕೈತಿ. ಇಲ್ಲೇ, ಪುಣೆದಾಗ."

ನಾನು ಬಾಗಿಲು ತೆರೆದು ಹೊರಗೆ ಹೋದೆ. ನಗುತ್ತಲೇ ಅವನ ಪಕ್ಕ, ಕಾಟಾದ ಮೇಲೆ ನಿಂತೆ. ಒಳಗೆ ಪರದೆಯಲ್ಲಿ ಇಬ್ಬರ ತೂಕ ಎಷ್ಟು ಬಂತೋ, ನೋಡಲು ಯಾರೂ ಇರಲಿಲ್ಲ.