ನೀಲಿ ಕೆಟಲ್ ಇದ್ದ ಗೋಡೆ

ಕದ್ದದ್ದೇನೋ ಸರಿ, ಆದರೆ ಕಳ್ಳ ಮೊಳೆಯ ತೂತನ್ನು ಯಾಕೆ ಮುಚ್ಚುತ್ತಾನೆ? ಬೆಳಿಗ್ಗೆ ಬೆಳಿಗ್ಗೆಯೇ ಆ ಮನೆಯ ಗೋಡೆಯ ಮುಂದೆ ನಿಂತ ಇನ್ಸ್‌ಪೆಕ್ಟರು ಅದನ್ನೇ ಯೋಚಿಸುತ್ತಿದ್ದರು. ಮುಚ್ಚಿದ್ದು ಸಾಲದೆಂದು ಮೇಲೆ ಬಣ್ಣ ಬೇರೆ ಬಳಿದಿದೆ. ನಿನ್ನೆ ಈ ಗೋಡೆ ಬಳಿದು ಹೋದ ಬಣ್ಣದವನೇ ಇರಬಹುದೇ? ಇರಬಹುದು. ಅವನೇ ಎಂದು ಬರೆದು ಮುಗಿಸಿದರೆ ಮನೆಗೆ ಹೋಗಿ ಕಾಲು ಚಾಚಬಹುದು. ನಿವೃತ್ತಿ ಹತ್ತಿರವಾದ ಮೇಲೆ ನಿಜಕ್ಕಿಂತ ನಿದ್ದೆ ದೊಡ್ಡದೆನಿಸುತ್ತದೆ.

ಹೋದದ್ದು ಒಂದು ಚಿತ್ರ. ನೀಲಿ ಕೆಟಲ್, ಮೂತಿ ಸೊಟ್ಟ. ತೀರಿಕೊಂಡ ತಂಗಿ ಬರೆದದ್ದು, ಅವಳ ಕೈಯದೆಂದು ಉಳಿದಿರುವುದು ಅದೊಂದೇ ಎಂದು ಮನೆಯಾಕೆ ಫೋನಿನಲ್ಲಿ ಹೇಳಿದ್ದರು. ನಿನ್ನೆ ಅವರು ಕೆಲಸದಿಂದ ಬರುವಷ್ಟರಲ್ಲಿ ಗೋಡೆ ಬೋಳು.

ಹಾಲ್ ತುಂಬ ಹೊಸ ಸಾಮಾನು. ಕಂಚಿನ ಕುದುರೆ, ಗಾಜಿನ ಹಕ್ಕಿಗಳು, ಆಳೆತ್ತರದ ದೀಪ — ಎಲ್ಲ ವಕೀಲರಾದ ಗಂಡ ಆರಿಸಿ ತಂದದ್ದು. ಕಳ್ಳ ಅವುಗಳಲ್ಲಿ ಒಂದನ್ನೂ ಮುಟ್ಟಿಲ್ಲ.

ವಕೀಲರು ಹತ್ತಿರ ಬಂದು ದನಿ ತಗ್ಗಿಸಿದರು. ಬಾಯಿಂದ ಲವಂಗದ ವಾಸನೆ.

“ಬಣ್ಣದವನೇ ಸರ್. ಇಷ್ಟು ನೀಟಾಗಿ ಮುಚ್ಚೋಕೆ ಇನ್ಯಾರಿಗೆ ಬರತ್ತೆ?”

ಬಣ್ಣದವನು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಚಿತ್ರ ಇಳಿಸಿ, ಗೋಡೆ ಬಳಿದು, ಒಣಗಿದ ಮೇಲೆ ಅದೇ ಮೊಳೆಗೆ ಹಾಕಿ ಹೋದೆ, ಮಿಕ್ಕ ಬಣ್ಣ ಡಬ್ಬದ ಸಮೇತ ಇಲ್ಲೇ ಬಿಟ್ಟೆ ಎಂದು ಹೇಳಿದ್ದನ್ನೇ ಹೇಳಿದ. ಬೀದಿಯಲ್ಲಿ ಆಗಲೇ ಕಳ್ಳನೆಂಬ ಮಾತು ಹಬ್ಬಿ, ಅವನಿಗೆ ಗೊತ್ತಾಗಿದ್ದ ಮುಂದಿನ ಕೆಲಸವೂ ತಪ್ಪಿತ್ತು.

“ತೂತು ಯಾವುದರಿಂದ ಮುಚ್ತೀಯಪ್ಪ?”

“ಗೋಡೆಗೆ ಮೆತ್ತೋ ಪುಟ್ಟಿಯಿಂದ ಸಾರ್. ಯಾವಾಗ್ಲೂ ಜೊತೇಲಿ ಇರತ್ತೆ.”

ಇನ್ಸ್‌ಪೆಕ್ಟರು ಉಗುರಿನಿಂದ ಗೋಡೆ ಕೆರೆದರು. ಬಣ್ಣದ ಸಿಪ್ಪೆ ಎದ್ದಿತು. ಒಳಗೆ ಇನ್ನೂ ಮೆತ್ತಗೆ. ಬೆರಳನ್ನು ಮೂಸಿ ನೋಡಿ, ಮನೆಯಾಕೆಯನ್ನು ಕರೆದರು.

“ಅಮ್ಮಾ, ಈ ಮನೇಲಿ ಲವಂಗದ ಪೇಸ್ಟು ಯಾರದ್ದು?”

“ಇವರದ್ದು. ನನಗೆ ಆ ವಾಸನೆ ಆಗಲ್ಲ.” ಅಂದ ಮೇಲೆ ಆಕೆ ಗಂಡನ ಮುಖ ನೋಡಿದರು.

“ಇದು ಪುಟ್ಟಿ ಅಲ್ಲ, ಹಲ್ಲುಜ್ಜೋ ಪೇಸ್ಟು. ಪುಟ್ಟಿ ಕೈಯಲ್ಲೇ ಇರೋನು ಪೇಸ್ಟು ಹುಡುಕ್ಕೊಂಡು ನಿಮ್ಮ ಬಚ್ಚಲಿಗೆ ಹೋಗ್ತಾನಾ? ಅವನು ಹೋದ ಮೇಲೆ ಚಿತ್ರ ತೆಗೆದವರು ನೀವು ವಕೀಲರೇ. ಮೊಳೆ ಕಿತ್ತು ಸುಮ್ಮನಾಗಿದ್ರೆ ಆಗಿತ್ತು. ಹೊಸ ಗೋಡೇಲಿ ತೂತು ಕಾಣಬಾರದು ಅಂತ ಮುಚ್ಚಿದ್ರಿ. ಅಂದಚಂದ ನೋಡೋರಲ್ವಾ ನೀವು.”

ಚಿತ್ರ ಕಾರಿನ ಡಿಕ್ಕಿಯಲ್ಲಿ ಟವೆಲಿನೊಳಗಿತ್ತು. ವಕೀಲರು ಅದನ್ನು ತೆಗೆಯುವಾಗ ಹತ್ತಿರ ಇನ್ಸ್‌ಪೆಕ್ಟರು ಮಾತ್ರ ಇದ್ದರು.

“ಇಷ್ಟೆಲ್ಲ ತಂದೆ ಸರ್. ಅವಳು ಬಂದು ಕೂತು ನೋಡೋದು ಇದೊಂದನ್ನೇ. ನಾನು ಎದುರಿಗೇ ಇರ್ತೀನಿ.”

ಇನ್ಸ್‌ಪೆಕ್ಟರಿಗೆ ಸಿಟ್ಟು ಮಾಡುವಷ್ಟೂ ತ್ರಾಣವಿರಲಿಲ್ಲ. ಮೊದಲು ಬಣ್ಣದವನ ಕ್ಷಮೆ ಕೇಳಿ, ಬೀದಿಗೆ ಕೇಳುವ ಹಾಗೆ, ಆಮೇಲೆ ನನಗೆ ಹೇಳಿದ್ದನ್ನು ಹೆಂಡತಿಗೆ ಹೇಳಿ ಅಂದರು.

ಬಣ್ಣದವನ ಕ್ಷಮೆಯನ್ನು ವಕೀಲರು ಗೇಟಿನಲ್ಲೇ ನಿಂತು ಕೇಳಿದರು. ಒಳಗೆ ಆಕೆ ಸೆರಗಿನಿಂದ ಚಿತ್ರದ ಗಾಜು ಒರೆಸಿ, ತಲೆ ಎತ್ತದೆ, ಯಾಕೆ ಎಂದು ಕೇಳಿದರು.

“ಹೊಸ ಗೋಡೆಗೆ ಹೊಂದಲಿಲ್ಲ,” ಅಂದರು ವಕೀಲರು.

ನಾನು ಎದುರಿಗೇ ಇರುತ್ತೇನೆ ಎಂಬುದನ್ನು ಅವರು ಆಕೆಗೆ ಹೇಳಲೇ ಇಲ್ಲ.