ನೋವುಗಾಜು

ತೊಟ್ಟಿಯ ಗಾಜು ಬುಡದಿಂದ ಕೆಂಪಾಗುತ್ತಿತ್ತು. ಬೆಳಿಗ್ಗೆ ಚಂಚಲಾ ನೋಡಿದಾಗ ತೆಳು ಹಳದಿ ಇತ್ತು. ಮೀನು ಮಾರಿ ಬರುವಷ್ಟರಲ್ಲಿ ಕೆಂಪು ಅರ್ಧದವರೆಗೆ ಏರಿತ್ತು, ಕಿಟಕಿಯಿಂದ ಬೀದಿಗೂ ಕಾಣುತ್ತಿತ್ತು.

"ಏನು ಚಂಚಲಕ್ಕಾ, ಸಿಗ್ನಲ್ ಬಿತ್ತಾ?" ಎಂದು ಪಕ್ಕದ ಮನೆಯ ಲೋಲಾಕ್ಷಿ ನಕ್ಕು ಹೋದಳು. ಚಂಚಲಾ ಪರದೆ ಎಳೆದಳು. ಅತ್ತೆ ವಾರಿಜಮ್ಮ ಮೂಲೆಯಲ್ಲಿ ಕುಳಿತು ಸೆರಗನ್ನು ಬೆರಳಿಗೆ ಸುತ್ತುತ್ತಿದ್ದರು.

ತೊಟ್ಟಿಯಲ್ಲಿದ್ದದ್ದು ಜಿಂಕೆಯ ಕೊಂಬಿನಂತೆ ಕವಲೊಡೆದ ಹವಳ. ನೋಡಲು ಕಲ್ಲು, ಆದರೆ ಅದರ ಮೈತುಂಬ ಎಳ್ಳಿನಷ್ಟು ಪ್ರಾಣಿಗಳು. ಅವುಗಳ ಚರ್ಮದೊಳಗೆ ಇನ್ನೂ ಸಣ್ಣ ಪಾಚಿ. ನೀಲಿ ದೀಪದ ಬೆಳಕು ಬಿದ್ದಾಗ ಆ ಪಾಚಿ ಮಂದವಾಗಿ ಮಿನುಗುತ್ತದೆ, ಹವಳಕ್ಕೆ ಕಷ್ಟವಾದರೆ ಮಿನುಗು ಬದಲಾಗುತ್ತದೆ. ನಮ್ಮ ಕಣ್ಣಿಗೆ ಕಾಣದ ಆ ಬದಲಾವಣೆಯನ್ನು ಹಿಡಿದು ಬಣ್ಣವಾಗಿ, ಹಾಯಾಗಿದ್ದರೆ ಹಸಿರು, ನೋವು ಹೆಚ್ಚಿದಂತೆ ಹಳದಿ, ಕೆಂಪು ಎಂದು ತೋರಿಸುವ ಗಾಜನ್ನು ಡಾ. ಜೆಸಿಂತಾ ಕ್ರಾಸ್ತ ಕಂಡುಹಿಡಿದಿದ್ದರು. ಜನ ಅದನ್ನು ನೋವುಗಾಜು ಎಂದು ಕರೆದರು.

ಸಮುದ್ರದ ಹವಳವೆಲ್ಲ ಬಿಸಿಗೆ ಬೆಳ್ಳಗಾಗಿ ಸತ್ತ ಮೇಲೆ, ಉಳಿದ ತುಣುಕುಗಳನ್ನು ಕರಾವಳಿಯ ಮನೆಗಳಿಗೆ ಸಾಕಲು ಕೊಟ್ಟಿದ್ದರು. ಗಾಜು ಕೆಂಪಾದರೆ ಹವಳ ಕೇಂದ್ರಕ್ಕೆ ತಾನಾಗಿ ಸುದ್ದಿ ಹೋಗುತ್ತಿತ್ತು. ಕೇಂದ್ರದ ಬಂಡಿ ಬಂದು ಹವಳ ಒಯ್ದರೆ ಆ ಮನೆಯವರು ಬೀದಿಯಲ್ಲಿ ತಲೆ ತಗ್ಗಿಸಿ ನಡೆಯಬೇಕಿತ್ತು.

ಈ ಸಲ ಬಂಡಿಯಲ್ಲಿ ಜೆಸಿಂತಾ ಅವರೇ ಮಲ್ಪೆಗೆ ಬಂದರು. ಚಂಚಲಾಳ ಮನೆಯ ತಳಿ ಬಿಸಿನೀರು ತಾಳುವಂಥದ್ದು. ಬೇರೆ ಮನೆಗಳಲ್ಲಿದ್ದ ಅದರ ತುಂಡುಗಳೆಲ್ಲ ಸತ್ತುಹೋಗಿದ್ದವು. ಇದೂ ಹೋದರೆ ಸಮುದ್ರದಲ್ಲಿ ಮತ್ತೆ ನೆಡಲು ಆ ತಳಿಯೇ ಇರುವುದಿಲ್ಲ.

ಹವಳದ ಬುಡದ ಚರ್ಮ ಸುಲಿದು ನೀರಲ್ಲಿ ತೇಲುತ್ತಿತ್ತು. ಒಳಗಿನ ಬಿಳಿ ಸುಣ್ಣ ಕಾಣುತ್ತಿತ್ತು.

"ನೀರಿಗೆ ಹೊಸತು ಏನಾದ್ರೂ ಹಾಕಿದ್ರಾ?"

"ಇಲ್ಲ ಡಾಕ್ಟ್ರೇ. ಆರಿದಷ್ಟು ನೀರನ್ನು ಮೆಷಿನ್ನೇ ಹಾಕ್ತದೆ. ನಾನು ಕೈ ಸಹ ಅದ್ದುವುದಿಲ್ಲ."

"ಸೊಳ್ಳೆಬತ್ತಿ? ಫಿನಾಯಿಲು?"

"ಈ ಕೋಣೆಗೆ ತರುವುದೇ ಇಲ್ಲ."

ಜೆಸಿಂತಾ ನಿಟ್ಟುಸಿರು ಬಿಟ್ಟರು. "ಹಾಗಾದ್ರೆ ರೋಗ. ತುದಿಗಳನ್ನು ಕತ್ತರಿಸಿ ಔಷಧದಲ್ಲಿ ಅದ್ದುವಾ."

"ರೋಗ ಅಲ್ಲದಿದ್ರೆ?"

"ನೀರಿಗೆ ವಿಷ ಸೇರಿದ್ರೆ ಔಷಧ ಇದನ್ನು ಕೊಲ್ತದೆ. ಆಗ ಬೇಕಾದ್ದು ಹೊಸ ನೀರು ಮಾತ್ರ. ಪರೀಕ್ಷೆಗೆ ನೀರು ಕಾರವಾರಕ್ಕೆ ಹೋಗಿ ಬರುವಷ್ಟು ಹೊತ್ತು ಇದು ಬದುಕುವುದಿಲ್ಲ."

ಅವರು ಕತ್ತರಿ ತೆಗೆದರು. ಗಾಜಿನ ಕೆಂಪು ಮೇಲಿನ ಕವಲುಗಳನ್ನು ಮುಟ್ಟುತ್ತಿತ್ತು. ಮೊದಲ ತುದಿ ಸಣ್ಣ ಸದ್ದಿನೊಂದಿಗೆ ಮುರಿಯಿತು. ಜೆಸಿಂತಾ ಅದನ್ನು ಇಕ್ಕುಳದಲ್ಲಿ ಹಿಡಿದು, ಕಂದುಬಣ್ಣದ ಔಷಧದ ಬಟ್ಟಲಿನ ಮೇಲೆ ತಂದರು.

"ಬೇಡ, ಅದ್ದಬೇಡಿ!" ವಾರಿಜಮ್ಮ ಎದ್ದು ನಿಂತಿದ್ದರು. "ನಾನು ಹಾಕಿದ್ದು. ನನ್ನ ಚೊಂಬಿನ ನೀರು."

ಚಂಚಲಾ ತಿರುಗಿ ನೋಡಿದಳು. "ತಾಮ್ರದ್ದಾ ಅತ್ತೇ?"

"ರಾತ್ರಿಯಿಡೀ ಇಟ್ಟ ನೀರು ಮಗಾ. ಅದಕ್ಕಿಂತ ಶುದ್ಧ ಬೇರೆ ಉಂಟಾ? ಮೊನ್ನೆ ನೀರು ತಗ್ಗಿದ ಹಾಗೆ ಕಂಡಿತು. ಪಾಪ ಅನಿಸಿತು. ದಿನಾ ನಾನು ಕುಡಿದು, ಅದಕ್ಕೂ ಒಂದಿಷ್ಟು ಹಾಕಿದೆ."

ಚೊಂಬಿನಿಂದ ನೀರಿಗೆ ಇಳಿಯುವ, ಮನುಷ್ಯರಿಗೆ ಏನೂ ಮಾಡದಷ್ಟು ತಾಮ್ರ ಸಾಕು ಹವಳವನ್ನು ಕೊಲ್ಲಲು. ಜೆಸಿಂತಾ ಬಟ್ಟಲನ್ನು ಪಕ್ಕಕ್ಕೆ ತಳ್ಳಿದರು. ತುದಿಯನ್ನು ಬಂಡಿಯಿಂದ ತಂದ ಉಪ್ಪುನೀರಿನಲ್ಲಿ ಇಳಿಸಿದರು. ಒಂದೊಂದಾಗಿ ಜೀವವಿದ್ದ ತುದಿಗಳನ್ನೆಲ್ಲ ಕತ್ತರಿಸಿದರು. ಚಂಚಲಾ ಹಳೆಯ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಹಾಕಿ, ತೊಟ್ಟಿ ತೊಳೆದು, ಬಂಡಿಯಿಂದ ಹೊಸ ಉಪ್ಪುನೀರು ತುಂಬಿದಳು. ವಾರಿಜಮ್ಮ ಪೈಪ್ ಹಿಡಿದು ನಿಂತರು. ತುದಿಗಳನ್ನು ಕಲ್ಲಿಗೆ ಅಂಟಿಸಿ ಮೂವರೂ ಗಾಜನ್ನು ನೋಡುತ್ತ ಕುಳಿತರು.

ಎಷ್ಟೋ ಹೊತ್ತು ಏನೂ ಆಗಲಿಲ್ಲ. ಕೆಲವು ತುದಿಗಳು ಕಣ್ಣೆದುರೇ ಬೆಳ್ಳಗಾದವು. ಸಂಜೆಯ ಹೊತ್ತಿಗೆ ಒಂದು ತುದಿಯ ಹಿಂದೆ ಮಾತ್ರ ಕೆಂಪು ಕರಗಿ, ಉಗುರಿನಷ್ಟು ಹಸಿರು ಮೂಡಿತು.

"ಮೊದಲೇ ಹೇಳಿದ್ರೆ ಎಲ್ಲ ಉಳೀತಿತ್ತು," ಎಂದಳು ಚಂಚಲಾ, ಅತ್ತೆಯನ್ನು ನೋಡದೆ.

"ಕೆಂಪು ಕಂಡು ಬಾಯೇ ಬರಲಿಲ್ಲ. ಬೀದಿಯೆಲ್ಲ ನೋಡ್ತಿತ್ತಲ್ಲ."

ಜೆಸಿಂತಾ ತೊಟ್ಟಿಯ ಹಿಂದೆ ಕೈಹಾಕಿ, ಕೇಂದ್ರಕ್ಕೆ ಸುದ್ದಿ ಕಳಿಸುವ ತಂತಿಯನ್ನು ಕಿತ್ತರು. "ಈ ಗಾಜು ಹವಳದ ನೋವನ್ನಷ್ಟೇ ತೋರಿಸ್ತದೆ ಅಂದುಕೊಂಡಿದ್ದೆ. ಮನೆಯವರ ಬಾಯಿ ಕಟ್ತದೆ ಅಂತ ಗೊತ್ತಿರಲಿಲ್ಲ. ಮುಂದೆ ಕೆಂಪಾದ್ರೆ ನೀವೇ ಕರೀರಿ. ಯಾರೂ ಹವಳ ಒಯ್ಯುವುದಿಲ್ಲ."

"ಡಾಕ್ಟ್ರೇ," ಎಂದಳು ಚಂಚಲಾ, "ನಮ್ಮ ಅಜ್ಜಿಯ ಕಾಲದಲ್ಲೇ ಈ ಗಾಜು ಇದ್ದಿದ್ರೆ ಸಮುದ್ರದ ಹವಳ ಉಳೀತಿತ್ತಾ?"

"ಗಾಜು ಇರಲಿಲ್ಲ. ಆದ್ರೆ ನೀರು ಬಿಸಿಯಾಗ್ತಾ ಇದೆ, ಹವಳ ಬೆಳ್ಳಗಾಗ್ತಾ ಇದೆ ಅಂತ ಆಗಲೇ ಅಳೆದಿದ್ರು. ವರ್ಷ ವರ್ಷ ಪೇಪರಿನಲ್ಲಿ ಬರ್ತಿತ್ತು. ಎಲ್ರೂ ಓದಿದ್ರು."

ವಾರಿಜಮ್ಮ ಗಾಜಿನ ಹಸಿರಿನಿಂದ ಕಣ್ಣು ತೆಗೆಯದೆ ಕೇಳಿದರು:

"ಮತ್ತೆ ಒಬ್ಬರಾದ್ರೂ ಎದ್ದು, ನಾನು ಮಾಡಿದ್ದು ಅಂತ ಹೇಳಲಿಲ್ವಾ?"