ಈಸಾ ಟೌನ್‌ನ ಖಾಲಿ ಮಂಚ

"ಟೆಂಪರೇಚರ್ ನೋಡ್ಲಿಕ್ಕೆ ಬಂದದ್ದಾ ಮೇಡಂ? ಮೊದ್ಲು ಈ ಒಂದು ಕೋಣೆಯಲ್ಲಿ ನಾವು ಎಷ್ಟು ಜನ ಮಲಗ್ತೇವೆ ಅಂತ ನೋಡಿ!"

ಮಾಸ್ಕಿನ ಮೇಲೆ ಉರಿಯುತ್ತಿದ್ದ ಆ ಕಣ್ಣುಗಳನ್ನು ಕಂಡು ಭವ್ಯಶ್ರೀ ಬಾಗಿಲಲ್ಲೇ ನಿಂತುಬಿಟ್ಟಳು.

ಕೊರೊನಾ ಶುರುವಾದ ವರ್ಷವದು. ಕೊಲ್ಲಿ ನಾಡಿನ ಮನಾಮಾದಲ್ಲಿ ಕೆಲಸಗಾರರಿಗೆ ವಸತಿ ಕೊಡುವ ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಹಿಂದಿಯಲ್ಲಿ ಬೈದವನು ಸುಮಿತ್, ಅವಳ ಪಟ್ಟಿಯ ಪ್ರಕಾರ ಪುತ್ತೂರು ಕಡೆಯ ಎಸಿ ಮೆಕ್ಯಾನಿಕ್. ಅವನ ಹಿಂದಿನ ಮಂಚದಲ್ಲಿ ಬಾಂಗ್ಲಾದೇಶದ ಕರೀಂ ಚಾಚಾ ಉಬ್ಬಸದಿಂದ ಏದುಸಿರು ಬಿಡುತ್ತಿದ್ದರು.

"ನಾನೂ ಊರಿನವಳೇ ಮಾರಾಯ್ರೆ, ಸ್ವಲ್ಪ ಮೆಲ್ಲ ಮಾತಾಡಿ!"

ಕನ್ನಡ ಕೇಳಿದ್ದೇ ತಡ, ಅವನು ಮೆತ್ತಗಾದ.

ಆಮೇಲೆ ಗೇಟಿನಾಚೆಯಿಂದ ಊಟದ ಪೊಟ್ಟಣ, ಸಂಜೆ ಫೋನು, ಸುಮ್ಮಸುಮ್ಮನೆ ನಗು... ಅವನ ಪೂರ್ತಿ ಮುಖವನ್ನು ಅವಳು ನೋಡಿಯೇ ಇರಲಿಲ್ಲ. ಆದರೂ ಮನಸ್ಸು ಕೊಟ್ಟುಬಿಟ್ಟಳು, ಹುಚ್ಚು ಹುಡುಗಿ!

ಅಷ್ಟರಲ್ಲಿ ಕೋಣೆಗಳ ಜನದಟ್ಟಣೆ ಇಳಿಸಲು ಹತ್ತಿರದ ಈಸಾ ಟೌನ್‌ನ ಖಾಲಿ ಫ್ಲ್ಯಾಟುಗಳನ್ನು ತೆರೆಯುವುದೆಂದಾಯಿತು. ಮೊದಲು ಇಂಡಿಯನ್ನರಿಗೆ, ಬಾಂಗ್ಲಾದೇಶದವರಿಗೆ ಆಮೇಲೆ ಎಂದರು ಮ್ಯಾನೇಜರ್. ಇಂಡಿಯನ್ನರಲ್ಲೂ ಆಫೀಸಿನವರ ಸಂಬಂಧಿಕರಿಗೇ ಮುಂಚೆ!

ಭವ್ಯಶ್ರೀ ಹಿಂದೆಮುಂದೆ ನೋಡಲಿಲ್ಲ. "ಸುಮಿತ್ ನನ್ನ ಅಣ್ಣ ಸರ್" ಎಂದುಬಿಟ್ಟಳು.

ಅವಳು ಕೀ ಕೊಡುವಾಗ ಸುಮಿತ್ ಕೇಳಿದ, "ನಂಗೆ ಹೇಗೆ ಸಿಕ್ಕಿತು? ಚಾಚಾನಿಗೆ ಇಲ್ವಾ?"

"ಅವರ ಸರದಿ ಆಮೇಲೆ ಅಂತೆ. ನಿಮ್ಮನ್ನು ಅಣ್ಣ ಅಂತ ಹೇಳಿದೆ, ಕೊಟ್ರು."

ಅವನ ಕಣ್ಣು ಸಣ್ಣಗಾಯಿತು. "ಅಣ್ಣನಾ... ಸರಿ ಮೇಡಂ."

ಮಾರನೇ ದಿನ ಮೀನು ಸಾರು ಕಟ್ಟಿಕೊಂಡು ಆ ಫ್ಲ್ಯಾಟಿಗೆ ಆಸೆಯಿಂದ ಹೋದರೆ, ಬಾಗಿಲು ತೆರೆದದ್ದು ಕರೀಂ ಚಾಚಾ! ಕೀ ಅವರಿಗೆ ಕೊಟ್ಟು ಸುಮಿತ್ ಹಳೆಯ ಕೋಣೆಯಲ್ಲೇ ಉಳಿದಿದ್ದ.

'ನಾನು ಕೊಟ್ಟದ್ದು ಅಷ್ಟು ಬೇಡವಾಯಿತೇ ಇವನಿಗೆ?' ಅವಳ ಎದೆ ಒಡೆದೇ ಹೋಯಿತು. ಅವನು ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

ಕೆಲವು ದಿನ ಕಳೆದು ಫೋನೇ ನಿಂತಿತು. ಸುಮಿತ್ ಆಸ್ಪತ್ರೆಯಲ್ಲಿದ್ದ, ಆಕ್ಸಿಜನ್ ಮೇಲೆ...

ಬಾತ್‌ರೂಮಿನ ನಲ್ಲಿ ಬಿಟ್ಟು ಅವಳು ಬಿಕ್ಕಿಬಿಕ್ಕಿ ಅತ್ತಳು. ಫೋನ್ ಎತ್ತಿದ್ದರೆ ಏನು ಹೋಗುತ್ತಿತ್ತು? ಮುಖ ತೊಳೆದು ಸೀದಾ ಮ್ಯಾನೇಜರ್ ಮುಂದೆ ನಿಂತಳು.

"ಅವರು ನನ್ನ ಅಣ್ಣ ಅಲ್ಲ ಸರ್, ಸುಳ್ಳು ಹೇಳಿದೆ. ಕೆಲಸದಿಂದ ತೆಗೆಯಿರಿ ಬೇಕಾದ್ರೆ. ಆದ್ರೆ ಉಳಿದ ಕೋಣೆಗಳನ್ನು ದೇಶ ನೋಡಿ ಕೊಡ್ಬೇಡಿ. ವಯಸ್ಸು ನೋಡಿ, ಕಾಯಿಲೆ ನೋಡಿ. ಈ ರೋಗ ಪಾಸ್‌ಪೋರ್ಟ್ ಕೇಳಿ ಬರ್ತದಾ?"

ಮ್ಯಾನೇಜರ್ ಹಂಚಿಕೆಯ ಪಟ್ಟಿಯನ್ನು ಹರಿದು ಹಾಕಿದರು. ಸಂಜೆ ಎಲ್ಲ ದೇಶದವರಿಗೂ ಕೋಣೆಗಳು ತೆರೆದವು. ಆದರೆ ಅವಳವನಿಗೆ ಅದು ತಡವಾಗಿತ್ತು.

ಊರ ಕಡೆಯ ನರ್ಸ್ ಜೋಸ್ವಿನ್ ಆಸ್ಪತ್ರೆಯಿಂದ ವೀಡಿಯೊ ಕಾಲ್ ಮಾಡಿದಳು. "ಪೇಷೆಂಟ್‌ಗೆ ನೀವು ಎಂತ ಆಗ್ಬೇಕು? ಅಡ್ಮಿಟ್ ಮಾಡುವಾಗ ತಂಗಿ ಅಂತ ಹೇಳಿದ್ರು ನಿಮ್ಮ ಆಫೀಸಿನವರು."

"ತಂಗಿ ಅಲ್ಲ ಸಿಸ್ಟರ್... ಮದುವೆ ಆಗುವವಳು. ಅವರಿಗೆ ಇನ್ನೂ ಗೊತ್ತಿಲ್ಲ."

ಫೋನ್ ಆಗಲೇ ಅವನ ಮುಖದ ಮುಂದಿತ್ತು. ಅವನ ಕಣ್ಣಂಚಿನಿಂದ ನೀರು ಇಳಿಯಿತು.

"ಅಣ್ಣ ಅಂದ್ರಿ..." ಉಸಿರು ಸಿಕ್ಕಿಕೊಂಡಿತು.

"ಕೋಣೆಗೋಸ್ಕರ ಮಾರಾಯ್ರೆ! ಒಂದು ದಿನ ಆದ್ರೂ ಬಾಯ್ತುಂಬ ಅಣ್ಣ ಅಂತ ಕರ್ದಿದ್ದೇನಾ?"

"ನಾನು ಆ ಕೋಣೆಗೆ ಹೋಗಿದ್ರೆ... ಅಣ್ಣನೇ ಆಗ್ತಿದ್ದೆ. ಚಾಚಾನಿಗೂ ಉಸಿರಾಡ್ಲಿಕ್ಕೆ ಕಷ್ಟ ಇತ್ತು..." ಸುಧಾರಿಸಿಕೊಂಡು ಕೇಳಿದ, "ಹೇಗಿದ್ದಾರೆ?"

"ಚೆನ್ನಾಗಿದ್ದಾರೆ. ಕೋಣೆಗೆ ಇನ್ನೊಂದು ಮಂಚ ಹಾಕಿಸಿದ್ದಾರೆ. ಸುಮಿತ್ ಬರ್ತಾನೆ ಅಂತ ಯಾರನ್ನೂ ಕೂರ್ಲಿಕ್ಕೂ ಬಿಡುದಿಲ್ಲ."

ಅವನು ನಗಲು ನೋಡಿದ, ಆಗಲಿಲ್ಲ. "ಮಾತು ಸಾಕು" ಎಂದಳು ಜೋಸ್ವಿನ್.

"ಬರ್ತೀರಲ್ಲ?" ಭವ್ಯಶ್ರೀ ಫೋನನ್ನು ಮುಖದ ಹತ್ತಿರ ತಂದಳು. "ಹೇಳಿ... ಬರ್ತೀರಲ್ಲ?"

"ಬರ್ತೇನೆ ಮೇಡಂ."

"ಇನ್ನೂ ಮೇಡಮ್ಮಾ?!"

ಅವನು ಕಷ್ಟಪಟ್ಟು ಒಂದು ಉಸಿರು ಎಳೆದುಕೊಂಡ.

"ಬರ್ತೇನೆ... ಭವ್ಯಾ. ಅಳ್ಬೇಡ."